ತೊಗರಿ ರಾಶಿಯೂ ರಸ್ತೆಯ ಬಿರುಕೂ

ಆ ವರ್ಷ ಚಳಿಗಾಲದ ಮೊದಲ ವಾರಗಳಲ್ಲಿ ನಾನು ಬಸವನ ಬಾಗೇವಾಡಿಯಿಂದ ಹೂವಿನ ಹಿಪ್ಪರಗಿಗೆ ಹೋಗುವ ಡಾಂಬರು ರಸ್ತೆಯ ಮೇಲೆ ತಲೆ ಬಗ್ಗಿಸಿಕೊಂಡು ನಡೆಯುತ್ತಿದ್ದೆ. ರಸ್ತೆಗಳನ್ನು ನೋಡಿಕೊಳ್ಳುವ ಇಲಾಖೆಯಲ್ಲಿ ನಾನು ಕಿರಿಯ ಎಂಜಿನಿಯರು. ಬಾಗೇವಾಡಿಗೆ ವರ್ಗವಾಗಿ ಬಂದು ಇನ್ನೂ ಹೆಚ್ಚು ದಿನವಾಗಿರಲಿಲ್ಲ. ಕೈಯಲ್ಲೊಂದು ಸೀಮೆಸುಣ್ಣದ ತುಂಡು, ತಲೆಯ ಮೇಲೊಂದು ಬಟ್ಟೆಯ ಟೊಪ್ಪಿಗೆ, ಕಣ್ಣು ನೆಲದ ಮೇಲೆ. ಕೂದಲೆಳೆಯಂಥ ಬಿರುಕು ಕಂಡರೂ ಅಲ್ಲೇ ಕುಕ್ಕರುಗಾಲಲ್ಲಿ ಕೂತು, ಬೆರಳಾಡಿಸಿ ನೋಡಿ, ಪಕ್ಕದಲ್ಲಿ ಒಂದು ಗೀಟು ಎಳೆದು ಮುಂದೆ ಹೋಗುವುದು ನನ್ನ ಕೆಲಸ.

ಮೊದಲ ದಿನ ಪಕ್ಕದಲ್ಲಿ ಬಂದು ನಿಂತವನು ಒಬ್ಬ ಬೈಕ್ ಸವಾರ. ಹಿಂದೆ ಅವನ ಹೆಂಡತಿ ಕೂತಿದ್ದಳು.

“ಏನ್ ಕಳಕೊಂಡೀರ್ರಿ ಬಾಯಾರ?” ಎಂದು ಅವನು ಕೇಳಿದ.

“ಏನೂ ಇಲ್ರಿ. ರಸ್ತಾ ನೋಡ್ಲಿಕ್ಕತ್ತೇನಿ.”

“ರಸ್ತಾದಾಗ ಏನ್ ನೋಡೂದೈತ್ರಿ? ಚಲೋನ ಐತೆಲ್ಲ!”

ಹೆಂಡತಿ ಗಂಡನ ಬೆನ್ನಿಗೆ ತಿವಿದು ಕೆಳಗಿಳಿದಳು. “ನಿಮಗ ಗೊತ್ತಾಗಂಗಿಲ್ಲ, ಸುಮ್ನಿರ್ರಿ. ಬಂಗಾರದ್ದ ಇರಬೇಕು. ಬೆಂಡೋಲಿ ಏನ್ರಿ ಅಕ್ಕಾರ?”

ನಾನು ಇಲ್ಲ ಇಲ್ಲ ಎನ್ನುತ್ತಿದ್ದಂತೆಯೇ ಅವಳು ಸೀರೆ ಎತ್ತಿ ಕಟ್ಟಿ ಹುಲ್ಲಿನ ಅಂಚಿನಲ್ಲಿ ಕಿವಿಯೋಲೆ ಹುಡುಕತೊಡಗಿದಳು. ಹಿಂದೆಯೇ ಬಂದ ಆಟೊದಿಂದ ಹೊಲದ ಕೆಲಸಕ್ಕೆ ಹೊರಟ ಹೆಂಗಸರು ಇಳಿದರು. ಯಾರದೋ ಬೆಂಡೋಲಿ ಬಿದ್ದಿದೆಯಂತೆ ಎಂಬ ಸುದ್ದಿ ಆಟೊದ ಒಳಗಿದ್ದವರಿಗೂ ತಲುಪಿತು. ಕೊನೆಗೆ ನಾನು ಟೊಪ್ಪಿಗೆ ತೆಗೆದು, ಎರಡೂ ಕಿವಿಗಳನ್ನು ಎಲ್ಲರಿಗೂ ತೋರಿಸಬೇಕಾಯಿತು. ಅವರ ಮುಖದಲ್ಲಿ ಕಂಡ ನಿರಾಸೆ ಹೇಳತೀರದು. “ಹಂಗಾದ್ರ ಮೂಗುತಿ ಇರಬೇಕು” ಎಂದು ಒಬ್ಬಾಕೆ ಹೇಳಿದ್ದು ಆಟೊ ಹೊರಟ ಮೇಲೂ ಕೇಳಿಸಿತು.

ಚೆನ್ನಾಗಿರುವ ರಸ್ತೆಯನ್ನು ಬಗ್ಗಿ ನೋಡುವುದು ಅವರಿಗೆ ಅಷ್ಟು ವಿಚಿತ್ರವಾಗಿತ್ತು. ಅವರದೇನೂ ತಪ್ಪಿಲ್ಲ. ತಗ್ಗು ಬಿದ್ದ ಮೇಲೆ ಬಂದು ಮುಚ್ಚುವ ಎಂಜಿನಿಯರನ್ನು ಜನ ನೋಡಿದ್ದಾರೆ, ಬಂದಿಲ್ಲವೆಂದು ಬೈದಿದ್ದಾರೆ. ತಗ್ಗು ಬೀಳುವ ಮೊದಲೇ ಬರುವವಳನ್ನು ಏನೆಂದು ತಿಳಿಯಬೇಕು?

ನಮ್ಮ ಕಡೆಯದು ಎರೆಮಣ್ಣು. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರಿಯುತ್ತದೆ. ಅದರ ಮೇಲೆ ಹಾಸಿದ ಡಾಂಬರು ಹೊಸತಿದ್ದಾಗ ಮಣ್ಣಿನ ಜೊತೆ ಒಂದಿಷ್ಟು ಬಾಗುತ್ತದೆ. ಬಿಸಿಲು ತಿಂದು ತಿಂದು ಬಿರುಸಾದ ಮೇಲೆ ಬಾಗಲಾರದೆ ಸೀಳುತ್ತದೆ. ಸೀಳಿನಿಂದ ನೀರು ಇಳಿದರೆ ಕೆಳಗಿನ ಪದರು ಮೆತ್ತಗಾಗುತ್ತದೆ. ಅಂಥ ಜಾಗದ ಮೇಲೆ ಎರಡು ಟ್ರೇಲರ್ ಕಬ್ಬು ಎಳೆದುಕೊಂಡು ಟ್ರ್ಯಾಕ್ಟರ್ ಹಾಯ್ದರೆ ತಗ್ಗು ಬಿದ್ದಂತೆಯೇ. ಆಮೇಲೆ ಬುಡದಿಂದ ಅಗೆದು ಕಟ್ಟಬೇಕು. ಅದಕ್ಕೂ ಮೊದಲಾದರೆ ಬಿರುಕನ್ನು ತುಂಬಿ, ಅಂಚಿನಲ್ಲಿ ಬೆಳೆದ ಹುಲ್ಲುಮಣ್ಣನ್ನು ಕೆರೆದು ನೀರು ಚರಂಡಿಗೆ ಹರಿಯುವಂತೆ ಮಾಡಿದರೆ ಸಾಕು, ಮುದಿಯಾಗುತ್ತಿರುವ ರಸ್ತೆಯೂ ಇನ್ನೆಷ್ಟೋ ಮಳೆಗಾಲ ತಡೆಯುತ್ತದೆ.

ಇದನ್ನು ಇಂಡಿಯಲ್ಲಿರುವ ನನ್ನ ತಾಯಿಗೆ ಫೋನಿನಲ್ಲಿ ವಿವರಿಸಿದೆ. ನಮ್ಮ ಮನೆಯಲ್ಲಿ ಅರ್ಧ ಮಾತು ಕನ್ನಡ, ಅರ್ಧ ಮರಾಠಿ. ಮಗಳು ಸೇತುವೆ ಕಟ್ಟುತ್ತಾಳೆ ಎಂದು ಬಂಧುಗಳಿಗೆ ಹೇಳಿಕೊಳ್ಳುವ ಆಸೆ ಅವಳಿಗೆ. ಎಲ್ಲ ಕೇಳಿಸಿಕೊಂಡು, ಪಕ್ಕದಲ್ಲಿದ್ದ ನನ್ನ ಸೋದರತ್ತೆಗೆ “ರಸ್ತ್ಯಾಲಾ ಮಲಮ ಲಾವತೆ” ಎಂದಳು. ರಸ್ತೆಗೆ ಮುಲಾಮು ಹಚ್ಚುತ್ತಾಳಂತೆ! ಆ ಕಡೆಯಿಂದ ಇಬ್ಬರ ನಗುವೂ ಕೇಳಿಸಿತು. ನನಗೂ ನಗು ಬಂತು. ನಿಜಕ್ಕೂ ನಾನು ಮಾಡಲಿದ್ದದ್ದು ಅದನ್ನೇ.

ಸಂಕ್ರಾಂತಿ ಮುಗಿದ ಮೇಲೆ ಕೆಲಸ ಶುರುವಾಯಿತು. ಚಳಿಗೆ ಬಿರುಕುಗಳು ಚೆನ್ನಾಗಿ ಬಾಯಿಬಿಟ್ಟಿರುತ್ತವೆ, ಮಳೆಯ ಕಾಟವೂ ಇರುವುದಿಲ್ಲ. ನಮ್ಮ ತಂಡದ ಮೇಸ್ತ್ರಿ ಸಿಂದಗಿಯವನು. ದಪ್ಪ ಮೀಸೆ, ಅದಕ್ಕಿಂತ ದಪ್ಪ ದನಿ. ಒಬ್ಬರು ಗಾಳಿಯಂತ್ರದಿಂದ ಬಿರುಕಿನ ಧೂಳು ಊದಿ ತೆಗೆಯುವುದು, ಹಿಂದೆಯೇ ಇನ್ನೊಬ್ಬರು ರಬ್ಬರು ಬೆರೆಸಿದ ಕುದಿಯುವ ಡಾಂಬರನ್ನು ಎಳೆಯಾಗಿ ಸುರಿಯುವುದು, ಅದರ ಮೇಲೆ ಅಂಟದಂತೆ ಕಲ್ಲುಪುಡಿ ಉದುರಿಸುವುದು. ಇನ್ನೊಂದು ಗುಂಪು ಅಂಚಿನ ಮಣ್ಣು ಕೆರೆದು, ಗರಸು ಎನ್ನುವ ಕಲ್ಲುಮಣ್ಣು ಹಾಕಿ, ರೋಲರ್ ಹೊಡೆಯುತ್ತ ಬರುತ್ತಿತ್ತು. ಎರಡು ದಿನ ಕೆಲಸ ಸರಾಗವಾಗಿ ಸಾಗಿ, ಮೂರನೆಯ ದಿನ ತೊಗರಿಯ ಮುಂದೆ ನಿಂತಿತು.

ಹಿಪ್ಪರಗಿ ಇನ್ನೂ ಸ್ವಲ್ಪ ದೂರವಿದ್ದಾಗ ರಸ್ತೆಯ ಉದ್ದಕ್ಕೂ ಕಿತ್ತ ತೊಗರಿ ಗಿಡಗಳನ್ನು ಹರವಿದ್ದರು. ಗಾಡಿಗಳು ಹಾಯ್ದು ಹಾಯ್ದು ಕಾಯಿ ಒಡೆದು ಕಾಳು ಉದುರಬೇಕು, ಸಂಜೆ ಬಂದು ಗುಡಿಸಿ ತೂರಬೇಕು. ಹೀಗೆ ರಸ್ತೆಯ ಮೇಲೆ ರಾಶಿ ಮಾಡಬಾರದು ಎಂದು ಎಷ್ಟು ಹೇಳಿದರೂ ಸುಗ್ಗಿ ಬಂದಾಗ ಯಾರ ಕಿವಿಗೂ ಬೀಳುವುದಿಲ್ಲ. ತೊಗರಿಯ ಆ ತುದಿಯಲ್ಲಿ, ಕೈಯಲ್ಲಿ ಉದ್ದನೆಯ ಕಸಬರಿಗೆ ಹಿಡಿದು ಒಬ್ಬ ಹಿರಿಯ ಹೆಂಗಸು ನಿಂತಿದ್ದರು. ಹಣೆಯ ಮೇಲೆ ಢಾಳಾಗಿ ವಿಭೂತಿ, ಬಿಸಿಲಿಗೆ ಇಳಕಲ್ ಸೀರೆಯ ಸೆರಗು ತಲೆಯ ಮೇಲೆ. ರಸ್ತೆಯ ಪಕ್ಕದ ಅಷ್ಟೂ ಹೊಲ ಅವರದೇ. ಊರಲ್ಲಿ ಎಲ್ಲರೂ ಅವರನ್ನು ಗೌಡಸಾನಿ ಎಂದೇ ಕರೆಯುತ್ತಿದ್ದರು.

“ಇದನ್ನ ತೆಗೀಬೇಕಾಗ್ತದ್ರಿ, ಗೌಡಸಾನ್ಯಾರ. ರಸ್ತಾದ ಬಿರುಕು ತುಂಬೂದದ” ಎಂದೆ.

“ಯಾವ ಬಿರುಕು? ಎಲ್ಲೈತಿ ತೋರಸ್ರಿ.”

“ನಿಮ್ಮ ತೊಗರಿ ಕೆಳಗ ಅದಾವ್ರಿ.”

“ನನ್ನ ತೊಗರಿ ಕೆಳಗ ರಸ್ತಾ ಕನ್ನಡಿ ಇದ್ದಂಗೈತಿ. ಅದಕ್ಕ ನಾ ಇಲ್ಲಿ ಹಾಕೀನಿ. ತಗ್ಗಿದ್ದಲ್ಲಿ ಯಾರ ಹಾಕ್ತಾರ್ರಿ?” ಅವರು ಕಸಬರಿಗೆಯನ್ನು ನೆಲಕ್ಕೆ ಊರಿದರು. “ನಮ್ಮ ಹೊಲದ ಒಳದಾರಿ ನೋಡಿ ಬರ್ರಿ. ತಗ್ಗಿನ್ಯಾಗ ಎಮ್ಮಿ ಮಲಗತಾವ. ಅದನ್ನ ಬಿಟ್ಟು, ಗಟ್ಟಿಮುಟ್ಟಾಗಿದ್ದದಕ್ಕ ಔಷಧ ಹಚ್ಚಾಕ ಬಂದೀರಿ!”

ಒಳದಾರಿಗೆ ಈ ಔಷಧ ನಾಟುವುದಿಲ್ಲ, ಅದನ್ನು ಬುಡದಿಂದ ಕಟ್ಟಬೇಕು, ಈ ರಸ್ತೆಗೆ ಆ ಗತಿ ಬರಬಾರದೆಂದೇ ನಾವು ಈಗ ಬಂದಿದ್ದು ಎಂದು ಹೇಳಿ ನೋಡಿದೆ. ಅವರು ನನ್ನ ಮಾತು ಮುಗಿಯುವವರೆಗೂ ತಾಳ್ಮೆಯಿಂದ ಕಾದು, “ಕಾಳು ಉದುರಿದ ಮ್ಯಾಲ ಬರ್ರಿ” ಎಂದು ತಿರುಗಿ ಗುಡಿಸತೊಡಗಿದರು.

ಮೇಸ್ತ್ರಿ ನನ್ನ ಪಕ್ಕಕ್ಕೆ ಬಂದು, “ಪೊಲೀಸರಿಗೆ ಒಂದ್ ಫೋನ್ ಹಚ್ಚರಿ ಮೇಡಂ” ಎಂದ, ತನ್ನ ದನಿ ಎಷ್ಟು ಮೆಲ್ಲಗಾಗಬಹುದೋ ಅಷ್ಟು ಮೆಲ್ಲಗೆ. ಅಂದರೆ ಗೌಡಸಾನಿಯವರಿಗೂ ಕೇಳಿಸಿತು. ಅವರು ತಿರುಗಿಯೂ ನೋಡಲಿಲ್ಲ.

ಫೋನು ಮಾಡಲು ನನಗೆ ಮನಸ್ಸಾಗಲಿಲ್ಲ. ಇಡೀ ವರ್ಷದ ಬೆಳೆ ರಸ್ತೆಯ ಮೇಲಿದೆ, ಪಕ್ಕದಲ್ಲಿ ನಮ್ಮ ಡಾಂಬರು ಕುದಿಯುತ್ತಿದೆ. ಸ್ವಲ್ಪ ಹೊತ್ತು ಯೋಚಿಸಿ, ತೊಗರಿಯನ್ನೆಲ್ಲ ರಸ್ತೆಯ ಒಂದು ಬದಿಗೆ ಎಳೆದುಕೊಳ್ಳಲು ಕೇಳಿದೆ. ಇನ್ನೊಂದು ಬದಿಯನ್ನು ನಾವು ಬಂದ್ ಮಾಡಿ ಬಿರುಕು ತುಂಬುತ್ತೇವೆ, ಅಲ್ಲಿಯತನಕ ಬೆಳೆ ಅಲ್ಲೇ ಇರಲಿ ಎಂದೆ.

“ಒಂದ್ ಕಡಿ ಬಂದ್ ಮಾಡಿದ್ರ ಗಾಡಿಗೋಳು ಎಲ್ಲಿ ಹೋಗ್ತಾವ?” ಎಂದು ಗೌಡಸಾನಿಯವರು ಅನುಮಾನದಿಂದ ಕೇಳಿದರು.

“ನಿಮ್ಮ ತೊಗರಿ ಮ್ಯಾಲೇ ಹೋಗಬೇಕ್ರಿ. ಬ್ಯಾರೆ ದಾರಿ ಇಲ್ಲ.”

ಅವರು ಒಂದು ಕ್ಷಣ ನನ್ನನ್ನೇ ನೋಡಿದರು. ಆಮೇಲೆ ಹೊಲದ ಕಡೆ ತಿರುಗಿ ಆಳುಗಳನ್ನು ಕೂಗಿದ ರಭಸಕ್ಕೆ ಬೇಲಿಯ ಮೇಲಿದ್ದ ಹಕ್ಕಿಗಳು ಹಾರಿಹೋದವು. ಕಾಲುಗಂಟೆಯೊಳಗೆ ತೊಗರಿಯೆಲ್ಲ ಒಂದು ಬದಿಗೆ ಬಂತು.

ಬೈಕುಗಳು ಜಾರದಂತೆ ತೆಳ್ಳಗೆ ಹರವಿಸಿದೆ, ಎರಡೂ ತುದಿಗೆ ಕೆಂಪು ಬಾವುಟ ಹಿಡಿದವರನ್ನು ನಿಲ್ಲಿಸಿದೆ. ಮುಂದಿನದನ್ನು ನಾನು ಊಹಿಸಿರಲಿಲ್ಲ. ಎರಡೂ ದಿಕ್ಕಿನ ಬಸ್ಸು, ಲಾರಿ, ಕಬ್ಬಿನ ಟ್ರ್ಯಾಕ್ಟರುಗಳೆಲ್ಲ ಒಂದೇ ಬದಿಯಲ್ಲಿ ನಿಧಾನವಾಗಿ ಹಾಯ್ದು, ಇಡೀ ದಿನ ಹಿಡಿಯಬೇಕಾದ ರಾಶಿ ಊಟದ ಹೊತ್ತಿಗೆ ಮುಗಿದುಹೋಯಿತು. ಗೌಡಸಾನಿಯವರು ಮೇಸ್ತ್ರಿಯನ್ನು ಕರೆದು ಮಜ್ಜಿಗೆ ಕೊಟ್ಟರು. ಸಂಜೆಯೊಳಗೆ ಸುದ್ದಿ ಸುತ್ತಲಿನ ಹೊಲಗಳಿಗೆಲ್ಲ ಹಬ್ಬಿತು. ಮರುದಿನ ಬೆಳಿಗ್ಗೆ ನಾನು ಜೀಪಿನಿಂದ ಇಳಿಯುವ ಮೊದಲೇ ಮೂರ್ನಾಲ್ಕು ರೈತರು ಕಾದಿದ್ದರು.

“ಬಾಯಾರ, ಇವತ್ತ ಯಾವ ಕಡಿ ಬಂದ್ ಮಾಡ್ತೀರಿ?”

“ನಮ್ಮ ಹೊಲದ ಮುಂದನೂ ಬಿರುಕು ಬಾಳ ಅದಾವ್ರಿ. ನಿನ್ನಿನ ನೋಡೀನಿ.”

“ಅಂವಂದೇನ್ ಬಿರುಕರಿ? ನಮ್ಮದ ನೋಡಬರ್ರಿ, ಕೈ ಹೋಕ್ಕೈತಿ!”

ಬಿರುಕು ತೋರಿಸಲು ಇಷ್ಟು ಜನ ಮುಂದೆ ಬಂದದ್ದು ನನ್ನ ನೌಕರಿಯಲ್ಲೇ ಮೊದಲು. ಬೇಡವೆನ್ನಬೇಕಿತ್ತು. ಆದರೆ ಕೆಲಸ ತಡೆಯಿಲ್ಲದೆ ಸಾಗುತ್ತಿತ್ತು, ಜನ ನಗುತ್ತಿದ್ದರು, ನಾನೂ ಖುಷಿಯಲ್ಲಿದ್ದೆ. ಹಾಗಾಗಿ ಆ ದಿನವೂ ಮರುದಿನವೂ ನಮ್ಮ ಬಾವುಟಗಳ ನಡುವೆ ತೊಗರಿ, ಕಡಲೆ, ಹುರುಳಿ ಎಲ್ಲದರ ರಾಶಿಯೂ ನಡೆಯಿತು. ಗೌಡಸಾನಿಯವರು ಉಳಿದಿದ್ದ ತೊಗರಿಯನ್ನೂ ತಂದು, ತಮ್ಮ ಹೊಲದ ಮುಂದೆ ನಾವಿನ್ನೂ ತುಂಬದೆ ಬಿಟ್ಟಿದ್ದ ಬದಿಯಲ್ಲಿ ಹರವಿದರು.

ಆ ಎರಡನೆಯ ದಿನ ಮಧ್ಯಾಹ್ನ ನಮ್ಮ ಮೇಲಿನ ಸಾಹೇಬರು ವಿಜಯಪುರದಿಂದ ಮುದ್ದೇಬಿಹಾಳಕ್ಕೆ ಹೋಗುವವರು, ನಮ್ಮ ಕೆಲಸ ನೋಡೋಣವೆಂದು ಈ ದಾರಿ ಹಿಡಿದು ಬಂದರು. ಅವರ ಕಾರು ತೊಗರಿಯ ಮೇಲೆ ಕರಕರ ಎನ್ನುತ್ತ ಬಂದು ನಿಂತಿತು. ಅವರು ಇಳಿದು, ಬೂಟಿನಡಿಯ ಸಿಪ್ಪೆ ಕೊಡವಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿದರು.

“ನೀವು ರಸ್ತಾ ರಿಪೇರಿ ಮಾಡಾಕತ್ತೀರೋ, ರಾಶಿ ಮಾಡಾಕತ್ತೀರೋ?”

ನಾನು ನಡೆದದ್ದನ್ನು ಹೇಳಿದೆ. ಅವರು ನಗಲಿಲ್ಲ. “ಒಂದ್ ಬೈಕ್ ಜಾರಿ ಬಿದ್ರ ಯಾರ್ ಜವಾಬ್ದಾರಿ ಹೇಳ್ರಿ. ಬಾವುಟ ನಿಮ್ಮವು, ತೊಗರಿ ಅವರದು. ಇವತ್ತ ಬಂದ್ ಆಗಬೇಕು ಇದು” ಎಂದರು. ದನಿ ಏರಿಸಿರಲಿಲ್ಲ, ಅದಕ್ಕೇ ಹೆಚ್ಚು ತಾಗಿತು. ಅವರು ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ. ನನ್ನ ಖುಷಿಯೆಲ್ಲ ಇಳಿದುಹೋಯಿತು. ಇದನ್ನು ಗೌಡಸಾನಿಯವರಿಗೆ ಹೇಗೆ ಹೇಳುವುದು ಎಂದು ಯೋಚಿಸುತ್ತ ರಸ್ತೆ ದಾಟಿದೆ.

ಹೇಳುವ ಅವಕಾಶವೇ ಬರಲಿಲ್ಲ. ಪಡುವಣದಲ್ಲಿ ಬೆಳಿಗ್ಗೆಯಿಂದ ಮಬ್ಬಾಗಿದ್ದ ಮೋಡ ಯಾವಾಗ ಕಪ್ಪಾಯಿತೋ ಯಾರೂ ಗಮನಿಸಿರಲಿಲ್ಲ. ತಣ್ಣನೆಯ ಗಾಳಿ ಬೀಸಿ ಕಲ್ಲುಪುಡಿ ಮುಖಕ್ಕೆ ರಾಚಿತು. “ಮಳಿ ಬಂತೋ!” ಎಂದು ಮೇಸ್ತ್ರಿ ಕೂಗಿದ. ಹೊತ್ತಿಲ್ಲದ ಹೊತ್ತಿನ ಮಳೆ. ಒದ್ದೆ ಬಿರುಕಿಗೆ ಬಿಸಿ ಡಾಂಬರು ಹಿಡಿಯುವುದಿಲ್ಲವಾದ್ದರಿಂದ ನಮ್ಮ ಕೆಲಸ ಅಲ್ಲಿಗೇ ನಿಂತಿತು. ಗೌಡಸಾನಿಯವರ ತೊಗರಿ ಮಾತ್ರ ರಸ್ತೆಯ ಮೇಲೆ ಉದುರಿ ಬಿದ್ದಿತ್ತು, ಆಳುಗಳಲ್ಲಿ ಅರ್ಧ ಜನ ಆಗಲೇ ಮನೆಗೆ ಹೋಗಿದ್ದರು.

ಅವರು ಒಬ್ಬರೇ ಕಸಬರಿಗೆ ಹಿಡಿದು ಗುಡಿಸುತ್ತಿದ್ದ ವೇಗ ನೋಡಿ ನನಗೆ ನಿಲ್ಲಲಾಗಲಿಲ್ಲ. ನಾನೊಂದು ಸಲಿಕೆ ಎತ್ತಿಕೊಂಡೆ. ಮೇಸ್ತ್ರಿ ಲಾರಿಯ ತಾಡಪತ್ರಿ ಬಿಚ್ಚಿ ಎಳೆದು ತಂದ. ನಮ್ಮ ಇಡೀ ತಂಡ ಕಾಳಿಗೆ ಇಳಿಯಿತು. ತಿರುಗಿ ನೋಡಿದರೆ ಸಾಹೇಬರ ಚಾಲಕನೂ ಬುಟ್ಟಿ ಹಿಡಿದು ಓಡುತ್ತಿದ್ದ. ಗಾಳಿಗೆ ತಾಡಪತ್ರಿಯ ಒಂದು ಮೂಲೆ ಮೇಲಕ್ಕೆ ಹಾರಿತು. ಅದನ್ನು ಹಿಡಿಯಲು ಯಾರಿಗೂ ಕೈ ಬಿಡುವಿರಲಿಲ್ಲ. ಸಾಹೇಬರು ಎರಡು ಹೆಜ್ಜೆ ಮುಂದೆ ಬಂದು ಆ ಮೂಲೆಯನ್ನು ಬೂಟುಗಾಲಿನಿಂದ ತುಳಿದು ನಿಂತರು. ಆಮೇಲೆ ಬಗ್ಗಿ ಎರಡೂ ಕೈಯಿಂದ ಹಿಡಿದರು.

“ಬಿಗಿ ಹಿಡೀರಿ ಸಾಹೇಬ್ರ! ಸಡ್ಲ ಬಿಡಬ್ಯಾಡ್ರಿ!” ಎಂದು ಗೌಡಸಾನಿಯವರು ಅವರಿಗೆ ಹುಕುಂ ಮಾಡಿದರು. ಸಾಹೇಬರು “ಹ್ಞೂಂ ರೀ” ಎಂದದ್ದನ್ನು ನಾನು ನನ್ನ ಕಿವಿಯಿಂದ ಕೇಳಿದ್ದೇನೆ.

ಕಾಳು ತಾಡಪತ್ರಿಯೊಳಗೆ ಸೇರಿತು. ಗಿಡಗಳ ಒಂದಷ್ಟು ಭಾಗ ನೆನೆಯಿತು. ನಾವೆಲ್ಲ ಪೂರ್ತಿ ನೆನೆದೆವು.

ಹೊಲದಲ್ಲಿದ್ದ ಅವರ ತಗಡಿನ ಶೆಡ್ಡಿನೊಳಗೆ ಎಲ್ಲರೂ ಮೈ ಒತ್ತಿ ಕೂತೆವು. ಮಳೆ ತಗಡಿನ ಮೇಲೆ ಬಡಿಯುವ ಸದ್ದಿಗೆ ಮಾತು ಕೇಳಿಸುತ್ತಿರಲಿಲ್ಲ, ಅದೂ ಒಳ್ಳೆಯದೇ ಆಯಿತು. ಗೌಡಸಾನಿಯವರು ಬುತ್ತಿಯ ಗಂಟು ಬಿಚ್ಚಿ ಸಜ್ಜೆ ರೊಟ್ಟಿಯ ಮೇಲೆ ಜುಣಕ, ಶೇಂಗಾ ಚಟ್ನಿ ಹಾಕಿ ಎಲ್ಲರ ಕೈಗೂ ಕೊಡುತ್ತ ಬಂದರು. ಸಾಹೇಬರ ಕೈಗೆ ಕೊಡುವಾಗ, ಮಳೆಯ ಸದ್ದನ್ನೂ ಮೀರಿಸುವ ದನಿಯಲ್ಲಿ, “ಇಂಗಳೇಶ್ವರ ನನ್ನ ತವರಮನಿ. ಅಲ್ಲಿ ನಮ್ಮಪ್ಪ ಮಳ್ಯಾಗ ರಾಶಿ ಬಿಟ್ಟು ಓಡಿದವರಿಗೆ ಊಟ ಹಾಕತಿದ್ದಿಲ್ಲ. ನೀವು ನಿಂತೀರಿ, ಉಣ್ರಿ” ಎಂದರು. ಸಾಹೇಬರು ಎರಡನೆಯ ರೊಟ್ಟಿಯನ್ನೂ ತಿಂದರು.

ಮಳೆ ಬಂದಷ್ಟೇ ಬೇಗ ಹೋಯಿತು. ಬಿಸಿಲು ಬಿತ್ತು, ಡಾಂಬರಿನಿಂದ ಆವಿ ಎದ್ದಿತು. ಕಾಳು ನೋಡಲೆಂದು ಹೊರಗೆ ಹೋದ ಗೌಡಸಾನಿಯವರು ರಸ್ತೆಯ ನಡುವೆ ನಿಂತುಬಿಟ್ಟರು. “ಬಾಯಾರ, ಇಲ್ಲಿ ಬರ್ರಿ” ಎಂದು ಕರೆದರು.

ಒಂದು ಬದಿ ನಾವು ತುಂಬಿ ಮುಗಿಸಿದ್ದು. ಅದು ಇಡಿಯಾಗಿ ಒಣಗಿ ಬೂದುಬಣ್ಣಕ್ಕೆ ತಿರುಗಿತ್ತು. ತೊಗರಿ ಹರವಿದ್ದ ಇನ್ನೊಂದು ಬದಿಯೂ ಮೇಲೆ ಒಣಗಿತ್ತು, ಆದರೆ ಅಡ್ಡಡ್ಡ, ಉದ್ದುದ್ದ, ನೂಲಿನಂಥ ಕಪ್ಪು ಗೆರೆಗಳು ಹಸಿಯಾಗಿ ಉಳಿದಿದ್ದವು. ನಾನು ಅಷ್ಟು ದಿನದಿಂದ ಸೀಮೆಸುಣ್ಣದಲ್ಲಿ ಗೀಟು ಎಳೆಯುತ್ತಿದ್ದ ಬಿರುಕುಗಳನ್ನು ಮಳೆ ತಾನೇ ಎಳೆದು ತೋರಿಸಿದಂತಿತ್ತು.

“ಮ್ಯಾಲ ಆರೇತಿ, ಒಳಗ ಆರಿಲ್ಲ” ಎಂದು ಸಾಹೇಬರು ಹಿಂದಿನಿಂದ ಹೇಳಿದರು. “ಒಳಗ ಹೋದ ನೀರು ಮತ್ತ ಹೊರಗ ಬರೂದಿಲ್ರಿ. ಅಲ್ಲೇ ಕುಂತು ಕೆಲಸ ಮಾಡ್ತದ.”

ಗೌಡಸಾನಿಯವರು ಬಗ್ಗಿ, ಒಂದು ಗೆರೆಯ ಮೇಲೆ ಬೆರಳೊತ್ತಿ ತೆಗೆದು, ತುದಿಗೆ ಹತ್ತಿದ ಹಸಿಯನ್ನು ನೋಡಿದರು. “ಅಯ್ಯ ಶಿವನ, ನಮ್ಮ ಹೊಲದಂಗನ ಕುಡದೈತೆಲ್ಲ ಇದು!” ಎಂದರು. ಬೆರಳನ್ನು ಸೆರಗಿಗೆ ಒರೆಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, “ನಾಳೆ ಇದೊಂದ್ ಕಡಿ ಆರಿದ ಮ್ಯಾಲ ಮುಗಿಸಿಬಿಡ್ರಿ. ನಾ ರಾಶಿ ಇನ್ನ ಇಲ್ಲಿ ಹಾಕಂಗಿಲ್ಲ” ಎಂದರು.

“ಮತ್ತ ಎಲ್ಲಿ ಹಾಕ್ತೀರಿ?” ನನಗೆ ಕೇಳದೆ ಇರಲಾಗಲಿಲ್ಲ.

ಅವರು ಶೆಡ್ಡಿನ ಕಡೆ ಕಣ್ಣು ಹಾಯಿಸಿದರು. ಶೆಡ್ಡಿನ ಮುಂದೆ ಒಂದಿಷ್ಟು ಬಯಲಿತ್ತು, ಮನೆಯವರು ದಿಬ್ಬದ ಮೇಲಿನ ತಮ್ಮದೇ ಮಡ್ಡಿಯ ಹೊಲದಿಂದ ಗರಸು ತಂದು ಹಾಕಿದ್ದರು, ಆದರೆ ಅದು ಗಟ್ಟಿಯಾಗಿರಲಿಲ್ಲ. ಕಾಳು ಮಣ್ಣಲ್ಲಿ ಸೇರಿಹೋಗುತ್ತಿತ್ತು. ಮೇಸ್ತ್ರಿ ಮೀಸೆ ಒರೆಸಿಕೊಳ್ಳುತ್ತ ಸಾಹೇಬರ ಮುಂದೆ ಬಂದು ನಿಂತ.

“ಸಾಹೇಬ್ರ, ಎರಿ ಹಸಿಯಾಗೇತ್ರಿ. ನಮ್ಮ ರೋಲರ್ ರಸ್ತಾದ ಬಾಜೂಕ ನಿಲ್ಲಿಸಿದ್ರ ಹೂತು ಹೋಕ್ಕೈತಿ. ಗೌಡಸಾನ್ಯಾರು ಹ್ಞೂಂ ಅಂದ್ರ ಶೆಡ್ಡಿನ ಮುಂದ ನಿಲ್ಲಸ್ತೀನ್ರಿ.”

“ನಿಲ್ಲಸು.”

“ನಿಲ್ಲಸೂಕಿಂತ ಮೊದಲ ಜಾಗಾ ಗಟ್ಟಿ ಮಾಡ್ಕೋಬೇಕಾಗ್ತೈತ್ರಿ. ನಾಕ್ ಸರತಿ ಹಿಂದ ಮುಂದ ಹೊಡೀಬೇಕು.”

ಸಾಹೇಬರು ಮೇಸ್ತ್ರಿಯನ್ನು ನೋಡಿದರು, ಶೆಡ್ಡಿನ ಮುಂದಿನ ಬಯಲನ್ನು ನೋಡಿದರು, ಕೊನೆಗೆ ಗಡಿಯಾರ ನೋಡಿದರು. “ರೋಲರ್ ಹೂಳಬಾರದು ನೋಡು” ಎಂದಷ್ಟೇ ಹೇಳಿ ಕಾರು ಹತ್ತಿದರು. ಆ ಸಂಜೆ ರೋಲರ್ ತನ್ನ ಜಾಗ ಹುಡುಕಿಕೊಳ್ಳಲು ತೆಗೆದುಕೊಂಡಷ್ಟು ಹೊತ್ತನ್ನು ಯಾವ ರೋಲರೂ ತೆಗೆದುಕೊಂಡಿರಲಾರದು. ಬೆಳಿಗ್ಗೆ ನೋಡಿದರೆ ಶೆಡ್ಡಿನ ಮುಂದೆ ಸಾರಿಸಿದ ನೆಲದಂಥ ಕಣ.

ಒಂದು ಬಿಸಿಲು ಪೂರ್ತಿ ಕಾದು, ಗೆರೆಗಳು ಮಾಯವಾದ ಮೇಲೆ ನಾವು ಉಳಿದ ಬದಿಯನ್ನು ತುಂಬಿದೆವು. ಅಕ್ಕಪಕ್ಕದ ಹೊಲದವರಲ್ಲೂ ಕೆಲವರು ಗೌಡಸಾನಿಯವರ ಕಣಕ್ಕೆ ಬಂದು ರಾಶಿ ಮಾಡಿಕೊಂಡರು. ಎಲ್ಲರೂ ರಸ್ತೆ ಬಿಟ್ಟರೆಂದು ಹೇಳಿದರೆ ಸುಳ್ಳಾಗುತ್ತದೆ. ಮುಂದಿನ ಸುಗ್ಗಿಯಲ್ಲೂ ಅಲ್ಲಲ್ಲಿ ಬೆಳೆ ಕಂಡಿತು, ನಾನು ಇಳಿದು ಬೈದೆ, ಅವರು ತೆಗೆದರು, ನಾನು ಹೋದ ಮೇಲೆ ಮತ್ತೆ ಹಾಕಿದರು.

ಈ ಕೆಲಸಕ್ಕೆ ಯಾರೂ ರಿಬ್ಬನ್ ಕತ್ತರಿಸಲಿಲ್ಲ. ಕತ್ತರಿಸಲು ಹೊಸದೇನೂ ಇರಲಿಲ್ಲ. ಇದ್ದ ರಸ್ತೆ ಇದ್ದ ಹಾಗೇ ಇತ್ತು, ಅಷ್ಟೇ. ಮೊದಲ ಮಳೆಗಾಲ ಕಳೆದಾಗ ನಾನು ಹೆದರುತ್ತಲೇ ಹೋಗಿ ನೋಡಿದೆ. ಒಂದೆರಡು ಕಡೆ ತುಂಬಿದ್ದು ಎದ್ದಿತ್ತು, ಅದನ್ನು ಮತ್ತೆ ಮಾಡಿಸಿದೆ. ಉಳಿದದ್ದೆಲ್ಲ ಗಟ್ಟಿಯಾಗಿತ್ತು. ಎರಡನೆಯ ಮಳೆಗಾಲ ಇನ್ನೂ ಜೋರಾಗಿ ಬಂತು, ರಸ್ತೆ ಅದನ್ನೂ ತಡೆಯಿತು. ಅಷ್ಟರಲ್ಲಿ ನನಗೆ ಮುದ್ದೇಬಿಹಾಳಕ್ಕೆ ವರ್ಗವಾಯಿತು. ಈಗ ಕೃಷ್ಣೆಯ ದಂಡೆಯ ತಂಗಡಗಿಯ ಕಡೆ ರಸ್ತೆಯ ಅಂಚು ಕೆರೆಸುವುದು, ಮೋರಿಗಳ ಹೂಳು ತೆಗೆಸುವುದು ನನ್ನ ಪಾಲಿಗೆ ಬಂದಿದೆ.

ಹೋದ ಸಲ ಎಳ್ಳಮಾಸೆಗೆ ಗೌಡಸಾನಿಯವರು ಹೊಲದ ಊಟಕ್ಕೆ ಕರೆದರು. ಹಿಂದಿನ ದಿನ ಯಾವುದೋ ಕೆಲಸಕ್ಕೆ ಬಾಗೇವಾಡಿಗೆ ಬಂದಿದ್ದೆ. ಬೆಳಿಗ್ಗೆ ಅಲ್ಲಿಂದ ಹಿಪ್ಪರಗಿಯ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತೆ. ನನ್ನ ರಸ್ತೆಯನ್ನು ಮೊದಲಿನಿಂದ ಕೊನೆಯವರೆಗೂ ಕಣ್ತುಂಬ ನೋಡಿಕೊಂಡು ಹೋಗಬೇಕು, ಎಲ್ಲಿ ಏನಾಗಿದೆ ನೋಡಬೇಕು ಎಂದು ಆಸೆ. ಊರು ದಾಟಿದ್ದು ನೆನಪಿದೆ. ಅಷ್ಟೇ. ಕಂಡಕ್ಟರ್ ಭುಜ ತಟ್ಟಿ ಎಬ್ಬಿಸಿದಾಗ ಬಸ್ಸು ಗೌಡಸಾನಿಯವರ ಹೊಲ ದಾಟಿ ಹಿಪ್ಪರಗಿಯ ನಿಲ್ದಾಣದಲ್ಲಿ ನಿಂತಿತ್ತು. “ಒಂದ ಜೋಲಿ ಹೊಡೀಲಿಲ್ರಿ ನೀವು, ತೊಟ್ಲದಾಗ ಮಲಗಿದಂಗ ಮಲಗಿದ್ರಿ” ಎಂದ ಅವನು. ಅದಕ್ಕಿಂತ ದೊಡ್ಡ ಹೊಗಳಿಕೆಯನ್ನು ಈ ನೌಕರಿಯಲ್ಲಿ ನಾನು ಕೇಳಿಲ್ಲ, ಆದರೆ ಅದನ್ನು ಅವನಿಗೆ ಹೇಗೆ ಹೇಳುವುದು?

ಮೇವು ಹೇರಿಕೊಂಡು ಹೊರಟಿದ್ದ ಟಂಟಂ ಆಟೊದಲ್ಲಿ ವಾಪಸು ಬಂದು ಹೊಲ ತಲುಪುವಾಗ ಭೂತಾಯಿಗೆ ಎಡೆಯ ಚರಗ ಚೆಲ್ಲಿ ಆಗಿತ್ತು, ಎಲ್ಲರೂ ಊಟಕ್ಕೆ ಕೂತಿದ್ದರು. ಗೌಡಸಾನಿಯವರು ಕೂತಲ್ಲಿಂದಲೇ ಗದರಿದರು: “ಎಷ್ಟೊತ್ತಿಗೆ ಬರೂದ್ರಿ ಬಾಯಾರ? ಹಾದ್ಯಾಗ ಏನ್ ಮಾಡಾಕತ್ತಿದ್ರಿ?”

“ನಿದ್ದಿ ಬಂದಿತ್ರಿ” ಎಂದೆ.

“ಹಾದ್ಯಾಗ ನಿದ್ದಿ?” ಎಂದು ಅವರು ಸೊಸೆಯಂದಿರ ಕಡೆ ನೋಡಿ ನಕ್ಕು, ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡರು. ನಾನು ಇನ್ನೂ ಕೈ ತೊಳೆಯುತ್ತಿದ್ದಾಗಲೇ ಎಲೆಗೆ ಸಜ್ಜೆ ಕಡಬು, ಭಜ್ಜಿ, ಎಣ್ಣೆಗಾಯಿ ಬಿದ್ದಿದ್ದವು.